ಷರಾ ಕಾಲಂ

ಅಪ್ಪ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ 31 ವರ್ಷ ರೈಟರ್ ಆಗಿದ್ದರು. ಕಾಫಿ ಸೀಮೆಯಲ್ಲಿ ರೈಟರ್ ಅಂದರೆ ಚೆಕ್‌ರೋಲ್ ಬರೆಯುವವರು. ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ, ಎಷ್ಟು ಕೆಜಿ ಹಣ್ಣು ಕುಯ್ದರು, ವಾರದ ಬಟವಾಡೆ ಎಷ್ಟು, ಎಲ್ಲ ಅಪ್ಪನ ಕೈಬರಹದಲ್ಲೇ ಇರುತ್ತಿತ್ತು. ಅದರ ಜೊತೆಗೆ ಇನ್ನೊಂದು ಪುಸ್ತಕ ಇತ್ತು, ಮಳೆ ಪುಸ್ತಕ. ದಿನಾ ಬೆಳಿಗ್ಗೆ ಎಂಟು ಗಂಟೆಗೆ ಕಣದ ಪಕ್ಕದ ರೈನ್ ಗೇಜಿನ ನೀರನ್ನು ಅಳತೆ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಬರೆಯುತ್ತಿದ್ದರು. ಇಂಚು, ಸೆಂಟು. ನಮ್ಮ ಕಡೆ ಮಿಲಿಮೀಟರ್ ಲೆಕ್ಕ ಯಾರ ಬಾಯಲ್ಲೂ ಬರುವುದಿಲ್ಲ. "ನಿಮ್ಮಲ್ಲಿ ಎಷ್ಟು ಬಂತು?" ಅಂದರೆ "ಎಂಬತ್ತು ಸೆಂಟು" ಅನ್ನುತ್ತಾರೆ. ನೂರು ಸೆಂಟಿಗೆ ಒಂದು ಇಂಚು.

ಆ ಪುಸ್ತಕದಲ್ಲಿ ನಾಲ್ಕು ಕಾಲಂ. ತಾರೀಕು, ಮಳೆ, ಇಲ್ಲಿಯವರೆಗಿನ ಒಟ್ಟು, ಕೊನೆಗೆ ಷರಾ, ಅಂದರೆ ಟಿಪ್ಪಣಿ ಬರೆಯುವ ಜಾಗ. ಮೊದಲ ಮೂರು ಒಂದು ದಿನವೂ ತಪ್ಪಿಲ್ಲ. ಷರಾ ಮಾತ್ರ ಪುಟಗಟ್ಟಲೆ ಖಾಲಿ. ಎಲ್ಲೋ ಒಂದು ಕಡೆ "ಹೂ ಮಳೆ" ಅಂತ ಇದೆ. ಇನ್ನೊಂದು ಕಡೆ "ಆನೆ, ಕೆಲಸ ಇಲ್ಲ". ಅಷ್ಟೆ.

ಈಗ ಅಪ್ಪ ಹಾಸನದಲ್ಲಿ ನನ್ನ ಜೊತೆ ಇದ್ದಾರೆ. ಬರುವಾಗ ಹಳೆಯ ಮಳೆ ಪುಸ್ತಕಗಳನ್ನು ಟ್ರಂಕಿನಲ್ಲಿ ಹಾಕಿಕೊಂಡು ಬಂದರು. ತೋಟದಲ್ಲಿ ಎಲ್ಲ ಕಂಪ್ಯೂಟರಿಗೆ ಏರಿದ ಮೇಲೆ ಇವು ಯಾರಿಗೂ ಬೇಡವಾಗಿದ್ದವು. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ, ರಾತ್ರಿ ಹೊತ್ತು ಕಾದಂಬರಿ ಓದುತ್ತೇನೆ. ಮೂರು ವರ್ಷದಿಂದ ಒಂದೇ ಬಗೆಯವನ್ನು ಜಾಸ್ತಿ ಓದುತ್ತಿದ್ದೇನೆ. ಹವಾಮಾನ ಬದಲಾವಣೆಯ ಸುತ್ತ ಹೆಣೆದ ಕಥೆಗಳು. ಇಂಗ್ಲಿಷಿನಲ್ಲಿ ಇವಕ್ಕೆ ಕ್ಲೈಮೇಟ್ ಫಿಕ್ಷನ್ ಅನ್ನುತ್ತಾರೆ, ಚಿಕ್ಕದಾಗಿ ಕ್ಲೈ-ಫೈ. ನನ್ನ ಬಾಯಲ್ಲಿ ಇವು ಮಳೆ ಕಥೆಗಳು. ಮಳೆ ಬಾರದ ಕಥೆ, ಅತಿಯಾಗಿ ಬಂದ ಕಥೆ, ಹೊತ್ತಲ್ಲದ ಹೊತ್ತಿಗೆ ಬಂದ ಕಥೆ. ಓದುತ್ತಾ ಹೋದ ಹಾಗೆ ನನಗೆ ಒಂದು ವಿಷಯ ಗಟ್ಟಿಯಾಗುತ್ತಾ ಬಂತು. ಇವುಗಳಲ್ಲಿ ನನ್ನನ್ನು ಅಲುಗಾಡಿಸಿದವನ್ನೆಲ್ಲ ಬರೆದವರು ಆ ಖಾಲಿ ಕಾಲಮ್ಮಿನ ಕಡೆಯ ಜನ. ಅಮೆರಿಕದ ಕಪ್ಪು ಹೆಣ್ಣುಮಗಳು, ಕೆನಡಾದ ಮೂಲನಿವಾಸಿ, ಆಸ್ಟ್ರೇಲಿಯಾದ ಮೂಲನಿವಾಸಿ, ಕ್ಯಾಮರೂನಿನಿಂದ ಬಂದವರು, ಕೀನ್ಯಾದವರು. ಮಳೆ ಎಷ್ಟು ಇಂಚು ಬಂತು ಅನ್ನುವುದನ್ನು ಯಾರಾದರೂ ಬರೆಯಬಹುದು. ಆ ಮಳೆಯಲ್ಲಿ ಯಾರ ಗೋಡೆ ಬಿತ್ತು ಅನ್ನುವುದನ್ನು ಗೋಡೆಯ ಒಳಗಿದ್ದವರೇ ಹೇಳಬೇಕು.

ಹೊತ್ತಲ್ಲದ ಹೊತ್ತು ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕಾಫಿ ಸೀಮೆಯ ಹೊರಗಿನವರಿಗೆ. ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿಗೆ ಒಂದು ಹದ ಮಳೆ ಬೇಕು, ಸುಮಾರು ಒಂದು ಇಂಚು. ಅದೇ ಹೂ ಮಳೆ. ಅದು ಬಿದ್ದ ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಪರಿಮಳ ರಸ್ತೆಯವರೆಗೂ ಬರುತ್ತದೆ. ಆಮೇಲೆ ಕೆಲವು ವಾರದಲ್ಲಿ ಇನ್ನೊಂದು ಮಳೆ, ಬ್ಯಾಕಿಂಗ್ ಮಳೆ, ಬಂದರೆ ಕಾಯಿ ನಿಲ್ಲುತ್ತದೆ. ಈ ಎರಡು ಮಳೆಯ ಮೇಲೆ ತೋಟದ ಯಜಮಾನರಿಂದ ಹಿಡಿದು ಹಣ್ಣು ಕುಯ್ಯುವವರ ತನಕ ಎಲ್ಲರ ವರ್ಷ ನಿಂತಿದೆ. 2021ರಲ್ಲಿ ಜನವರಿಯಲ್ಲೇ ಮಳೆ ಬಂತು. ಹಣ್ಣು ಇನ್ನೂ ಗಿಡದಲ್ಲಿತ್ತು, ಕುಯ್ದದ್ದು ಕಣದಲ್ಲಿ ಒಣಗುತ್ತಿತ್ತು. ಕಣದ ಕಾಫಿ ಮುಗ್ಗಿತು, ಗಿಡದ ಹಣ್ಣು ಉದುರಿತು, ಅದೇ ಗಿಡದಲ್ಲಿ ಹೂವೂ ಬಂತು. ಹೂವೂ ಹಣ್ಣೂ ಒಟ್ಟಿಗಿರುವ ಗಿಡಕ್ಕೆ ಕೈ ಹಾಕುವುದು ಹೇಗೆ? ಹಣ್ಣು ಕುಯ್ದರೆ ಮುಂದಿನ ವರ್ಷದ ಫಸಲು ಬೆರಳಿಗೆ ತಾಗಿ ಉದುರುತ್ತದೆ, ಬಿಟ್ಟರೆ ಈ ವರ್ಷದ್ದು ಮಣ್ಣಿಗೆ ಬೀಳುತ್ತದೆ. ಆ ದಿನಗಳಲ್ಲಿ ಹೆಂಗಸರು ಒಂದೊಂದೇ ಹಣ್ಣನ್ನು ಹೂವಿನ ಮಧ್ಯದಿಂದ ಬಿಡಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ದಿನಕ್ಕೆ ತುಂಬುತ್ತಿದ್ದ ಚೀಲ ಅರ್ಧಕ್ಕೆ ಬಂತು. ಕೆಜಿ ಲೆಕ್ಕದ ಕೂಲಿ ಅಂದರೆ ಕೂಲಿಯೂ ಅರ್ಧ. ಅಪ್ಪನ ಪುಸ್ತಕದಲ್ಲಿ ಆ ವಾರದ ಎದುರು ಸೆಂಟಿನ ಲೆಕ್ಕ ಇದೆ. ಷರಾ ಖಾಲಿ.

ಸಾಹಿತ್ಯವೂ ಬಹಳ ಕಾಲ ಹೀಗೇ ಇತ್ತು. ಅಮಿತಾವ್ ಘೋಷ್ 2016ರಲ್ಲಿ ‘ದಿ ಗ್ರೇಟ್ ಡಿರೇಂಜ್‌ಮೆಂಟ್’ ಅನ್ನುವ ಪುಸ್ತಕದಲ್ಲಿ ಇದನ್ನೇ ಕೇಳಿದರು. ಹವಾಮಾನ ಬದಲಾವಣೆಯಂಥ ಇಷ್ಟು ದೊಡ್ಡ ಸಂಕಟ ನಮ್ಮ ಗಂಭೀರ ಕಾದಂಬರಿಗಳಲ್ಲಿ ಯಾಕೆ ಕಾಣುವುದಿಲ್ಲ, ಕಂಡರೂ ಯಾಕೆ ಅದನ್ನು ವೈಜ್ಞಾನಿಕ ಕಥೆ ಅಂತ ಬೇರೆ ಕಪಾಟಿಗೆ ದೂಡುತ್ತೇವೆ ಅಂತ. ಅದರಲ್ಲಿ ಅವರದೇ ಒಂದು ಅನುಭವ ಇದೆ. 1978ರ ಮಾರ್ಚ್ 17ರಂದು ದೆಹಲಿಯಲ್ಲಿ ಸುಂಟರಗಾಳಿ ಎದ್ದಿತು, ವಿದ್ಯಾರ್ಥಿಯಾಗಿದ್ದ ಅವರು ಅದರ ದಾರಿಯಲ್ಲೇ ಸಿಕ್ಕಿಕೊಂಡಿದ್ದರು. ಆಮೇಲೆ ಎಷ್ಟೋ ಕಾದಂಬರಿ ಬರೆದರೂ ಆ ಸುಂಟರಗಾಳಿಯನ್ನು ಒಂದರಲ್ಲೂ ಕೂರಿಸಲಾಗಲಿಲ್ಲ. ಕಾದಂಬರಿಯಲ್ಲಿ ಬಂದರೆ ಓದುವವರು ಇದೇನು ಕಾಕತಾಳೀಯ, ನಂಬುವ ಹಾಗಿಲ್ಲ ಅನ್ನುತ್ತಾರೆ ಅಂತ. ಇದನ್ನು ಓದಿದಾಗ ನನಗೆ ನಮ್ಮ ಶಿರಾಡಿ ಘಾಟಿ ನೆನಪಾಯಿತು. 2018ರಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆದಾಗ ನಾವೆಲ್ಲ ಬಾಯಿ ಬಿಟ್ಟು ನೋಡಿದ್ದೆವು. ಆಮೇಲಿನ ವರ್ಷಗಳಲ್ಲಿ ಮತ್ತೆ ಮತ್ತೆ ಜರಿಯಿತು. ಈಗ ಮಳೆ ಹಿಡಿದರೆ ಸಕಲೇಶಪುರದ ಬಸ್ಸಿನಲ್ಲಿ ಕೂತವರು ಮಂಗಳೂರಿಗೆ ದಾರಿ ಇದೆಯೋ ಇಲ್ಲವೋ ಅಂತ ಸುಮ್ನೆ ಹವಾ ವಿಚಾರಿಸಿದ ಹಾಗೆ ವಿಚಾರಿಸುತ್ತಾರೆ. ನಂಬಲಾಗದ್ದು ದಿನದ ಮಾತಾಗಿದೆ.

ಆದರೆ ಘೋಷ್ ಆ ಪ್ರಶ್ನೆ ಕೇಳುವ ಇಪ್ಪತ್ತಮೂರು ವರ್ಷ ಮೊದಲೇ ಒಬ್ಬರು ಉತ್ತರ ಬರೆದಿಟ್ಟಿದ್ದರು.

ಆಕ್ಟೇವಿಯಾ ಬಟ್ಲರ್. ಹುಟ್ಟಿದ್ದು 1947ರಲ್ಲಿ, ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ. ತಾಯಿ ಬೇರೆಯವರ ಮನೆಗೆಲಸ ಮಾಡುತ್ತಿದ್ದರು, ತಂದೆ ಬೂಟು ಪಾಲಿಶ್ ಮಾಡುತ್ತಿದ್ದರು. 1993ರಲ್ಲಿ ಅವರ ‘ಪ್ಯಾರಬಲ್ ಆಫ್ ದಿ ಸೋವರ್’ ಬಂತು. ಕಥೆ ಶುರುವಾಗುವುದು 2024ರ ಜುಲೈನಲ್ಲಿ. ಲಾರೆನ್ ಅನ್ನುವ ಹದಿನೈದು ವರ್ಷದ ಕಪ್ಪು ಹುಡುಗಿ ದಿನಚರಿ ಬರೆಯುತ್ತಾಳೆ. ಮಳೆ ಅನ್ನುವುದು ವರ್ಷಗಳಿಗೊಮ್ಮೆ ಬರುವ ಹಬ್ಬದ ಹಾಗಾಗಿದೆ. ನೀರಿಗೆ ಪೆಟ್ರೋಲಿಗಿಂತ ಎಷ್ಟೋ ಪಟ್ಟು ಬೆಲೆ. ಅವರ ಬೀದಿಯ ಸುತ್ತ ಗೋಡೆ ಇದೆ, ಹೊರಗೆ ಬೆಂಕಿ, ಹಸಿವು. ಲಾರೆನ್‌ಗೆ ಒಂದು ಕಾಯಿಲೆ, ಎದುರಿನವರ ನೋವು ನೋಡಿದರೆ ತನ್ನ ಮೈಗೇ ಆದ ಹಾಗೆ ನೋಯುತ್ತದೆ.

ನಾನು ಇದನ್ನು ಅಪ್ಪನಿಗೆ ರಾತ್ರಿ ಊಟ ಆದ ಮೇಲೆ ಕನ್ನಡದಲ್ಲಿ ಹೇಳುತ್ತಿದ್ದೆ, ದಿನಕ್ಕೆ ಒಂದಷ್ಟು. ಅಪ್ಪ ಕಾದಂಬರಿ ಓದುವವರಲ್ಲ. ಆದರೆ ಪ್ರತಿ ಅಧ್ಯಾಯದ ಮೇಲೂ ತಾರೀಕು ಇದೆ ಅಂದಾಗ ಎದ್ದು ಕೂತರು. ಆವತ್ತಿನಿಂದ ಮೊದಲು ತಾರೀಕು ಕೇಳುವರು, ಆಮೇಲೆ ಕಥೆ. 2025ರ ಫೆಬ್ರುವರಿ 1ರ ದಿನಚರಿಯಲ್ಲಿ ಲಾರೆನ್ ತಮ್ಮ ಬೀದಿಯಲ್ಲಿ ಬೆಂಕಿ ಬಿದ್ದದ್ದನ್ನು ಬರೆಯುತ್ತಾಳೆ. ನಿಜವಾದ 2025ರ ಜನವರಿಯಲ್ಲಿ, ಬಟ್ಲರ್ ಹುಟ್ಟಿದ ಊರಿನ ಪಕ್ಕದ ಆಲ್ಟಡೀನಾ ಹೊತ್ತಿ ಉರಿಯಿತು. 2006ರಲ್ಲಿ ತೀರಿಹೋದ ಅವರನ್ನು ಮಣ್ಣು ಮಾಡಿರುವುದೂ ಅದೇ ಆಲ್ಟಡೀನಾದಲ್ಲಿ. ಇದನ್ನು ಹೇಳಿದಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಆಯಮ್ಮನಿಗೆ ಅಷ್ಟು ಮುಂಚೆ ಹೇಗೆ ಗೊತ್ತಾಯ್ತು?"

ನನಗೆ ತೋಚಿದ ಉತ್ತರ ಹೇಳಿದೆ. ಮನೆಗೆಲಸದವರ ಮಗಳಿಗೆ ಮನೆಯ ಯಾವ ಮೂಲೆ ಸೋರುತ್ತದೆ ಅಂತ ಯಜಮಾನರಿಗಿಂತ ಮೊದಲು ಗೊತ್ತಾಗುತ್ತದೆ, ಅಲ್ವಾ ಅಪ್ಪ. ಸೋರುವ ಜಾಗದಲ್ಲಿ ಬಕೆಟ್ ಇಡುವುದು ಅವರ ಅಮ್ಮನ ಕೆಲಸವಾಗಿತ್ತು.

ಬಟ್ಲರ್ ಭವಿಷ್ಯ ನುಡಿದರು ಅಂತ ಎಲ್ಲರೂ ಬರೆಯುತ್ತಾರೆ. ಅದು ನನಗೆ ಅಷ್ಟು ಸರಿ ಅನ್ನಿಸುವುದಿಲ್ಲ. ಅವರು ತಮ್ಮ ಸುತ್ತ ನಡೆಯುತ್ತಿದ್ದದ್ದನ್ನೇ ನೋಡಿದರು, ಇದು ಹೀಗೇ ಮುಂದುವರಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿದರು. ಹತ್ತಾರು ವರ್ಷ ಮಳೆ ಬರೆದ ಅಪ್ಪನಿಗೂ ಆ ಲೆಕ್ಕ ಗೊತ್ತು. "ಆರಿದ್ರ ಇಲ್ಲದೆ ದರಿದ್ರ ಹೋಗದು" ಅಂತ ನಮ್ಮ ಹಿರಿಯರು ನಕ್ಷತ್ರ ಹಿಡಿದು ಹೇಳುತ್ತಿದ್ದರಲ್ಲ, ಆ ಗಾದೆಗಳೆಲ್ಲ ನೂರಾರು ವರ್ಷದ ಮಳೆ ಪುಸ್ತಕವೇ. ಈಗ ಆರಿದ್ರ ಒಣಗುತ್ತದೆ, ಪುಷ್ಯದಲ್ಲಿ ಹಳ್ಳ ಉಕ್ಕುತ್ತದೆ. ಗಾದೆ ಬಾಯಲ್ಲಿ ಉಳಿದಿದೆ, ಅದನ್ನು ನಂಬಿ ಬಿತ್ತನೆಗೆ ಹೊರಡುವವರು ಕಡಿಮೆಯಾಗಿದ್ದಾರೆ.

ಇನ್ನು ಕೆನಡಾದ ಕಥೆ. ವಾಬ್ಗೆಶಿಗ್ ರೈಸ್ ಅನಿಶಿನಾಬೆ ಜನಾಂಗದವರು. 2018ರ ಅವರ ಕಾದಂಬರಿ ‘ಮೂನ್ ಆಫ್ ದಿ ಕ್ರಸ್ಟೆಡ್ ಸ್ನೋ’. ಉತ್ತರದ ಹಿಮದಲ್ಲಿರುವ ಅವರ ಊರಿಗೆ ಒಂದು ದಿನ ಕರೆಂಟ್ ನಿಲ್ಲುತ್ತದೆ, ಫೋನ್ ನಿಲ್ಲುತ್ತದೆ, ದಿನಸಿ ಲಾರಿ ಬರುವುದಿಲ್ಲ. ಯಾಕೆ ಅಂತ ಕಾದಂಬರಿ ಕೊನೆಯವರೆಗೂ ಬಿಡಿಸಿ ಹೇಳುವುದಿಲ್ಲ. ಲೋಕ ಮುಳುಗಿತು ಅಂತ ಹುಡುಗರು ಹೆದರುತ್ತಾರೆ. ಆಗ ಒಬ್ಬ ಅಜ್ಜಿ ಹೇಳುವ ಮಾತಿನ ಸಾರ ಇಷ್ಟು: ನಮ್ಮ ಲೋಕ ಈಗ ಮುಳುಗುತ್ತಿಲ್ಲ ಮಗಾ, ಬಿಳಿಯರು ಬಂದು ಕಾಡು ಕಡಿದು ಮೀನು ಬಳಿದಾಗಲೇ ಮುಳುಗಿತ್ತು, ಮಕ್ಕಳನ್ನು ಕಿತ್ತುಕೊಂಡು ಹೋದಾಗ ಮತ್ತೆ ಮುಳುಗಿತು, ನಾವು ಇದ್ದೇವಲ್ಲ. ಮೇಟಿ ಜನಾಂಗದ ಶೆರಿ ಡಿಮಲೀನ್ 2017ರಲ್ಲಿ ಬರೆದ ‘ದಿ ಮ್ಯಾರೋ ಥೀವ್ಸ್’ ಕೂಡ ಇದೇ ಗಾಯದಿಂದ ಹುಟ್ಟಿದ್ದು. ಭೂಮಿ ಕೆಟ್ಟು ಜನ ಕನಸು ಕಾಣುವುದನ್ನೇ ಕಳೆದುಕೊಂಡಿದ್ದಾರೆ, ಮೂಲನಿವಾಸಿಗಳಿಗೆ ಮಾತ್ರ ಇನ್ನೂ ಕನಸು ಬೀಳುತ್ತದೆ. ಅದಕ್ಕೇ ಅವರ ಮೂಳೆಯ ಮಜ್ಜೆಗಾಗಿ ಅವರನ್ನು ಬೇಟೆಯಾಡುತ್ತಾರೆ. ಹಿಡಿದು ಕೂಡಿಹಾಕುವ ಜಾಗಕ್ಕೆ ಕಾದಂಬರಿಯಲ್ಲಿ ಸ್ಕೂಲ್ ಅಂತ ಹೆಸರು. ಕೆನಡಾದಲ್ಲಿ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತು ಇಟ್ಟಿದ್ದ ವಸತಿ ಶಾಲೆಗಳನ್ನು ಬಲ್ಲವರಿಗೆ ಆ ಒಂದು ಪದ ಸಾಕು. ಶಾಲೆಯಲ್ಲಿ ಕೆಲಸ ಮಾಡುವ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಆ ಅಜ್ಜಿಯ ಮಾತು ಓದಿದ ಮೇಲೆ ನಾನು ಗೊರೂರಿನ ಕಡೆ ಹೋದಾಗೆಲ್ಲ ಬೇರೆ ಥರ ನೋಡುತ್ತೇನೆ. ಶೆಟ್ಟಿಹಳ್ಳಿಯ ಚರ್ಚ್ ನಿಮಗೆಲ್ಲ ಗೊತ್ತಿರುತ್ತದೆ. ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಎದ್ದು ನಿಲ್ಲುವ ಆ ಮುರಿದ ಕಮಾನುಗಳ ಫೋಟೋ ತೆಗೆಯಲು ಬೆಂಗಳೂರಿನಿಂದ ಕಾರು ಕಾರು ಬರುತ್ತವೆ. ಅಣೆಕಟ್ಟಿನ ನೀರು ಏರಿದಾಗ ಆ ಚರ್ಚಿನ ಸುತ್ತ ಊರಿತ್ತು, ಗದ್ದೆಯಿತ್ತು, ಸುತ್ತಮುತ್ತ ಇನ್ನೂ ಊರುಗಳಿದ್ದವು. ಅವರು ಗಂಟು ಕಟ್ಟಿಕೊಂಡು ಎದ್ದು ಹೋದರು. ಮುಳುಗಡೆ ಅನ್ನುವ ಪದ ನಮ್ಮ ಜಿಲ್ಲೆಯಲ್ಲಿ ಹೊಸದೇನೂ ಅಲ್ಲ. ಮುಂದೆ ಸಮುದ್ರ ಏರಿ ನಗರಗಳು ಮುಳುಗುತ್ತವೆ ಅಂತ ಕಥೆ ಬರೆಯುವವರು ಮೊದಲು ಈ ಮುಳುಗಡೆಯವರ ಮನೆ ಜಗಲಿಯ ಮೇಲೆ ಒಂದು ದಿನ ಕೂತು ಬರಬೇಕು.

ಆಸ್ಟ್ರೇಲಿಯಾದ ವಾನ್ಯಿ ಜನಾಂಗದ ಅಲೆಕ್ಸಿಸ್ ರೈಟ್ ಅವರ ‘ದಿ ಸ್ವಾನ್ ಬುಕ್’ (2013) ನನಗೆ ಬಹಳ ಕಷ್ಟವಾಯಿತು. ಎರಡು ಸಲ ಬಿಟ್ಟು ಮೂರನೇ ಸಲ ಮುಗಿಸಿದೆ. ಕಪ್ಪು ಹಂಸಗಳು, ಮಾತೇ ಆಡದ ಹುಡುಗಿ, ಕೊಳೆತ ಕೆರೆ, ಬಿಸಿಯಾದ ಭೂಮಿಯಲ್ಲಿ ನೆಲೆ ಕಳೆದುಕೊಂಡು ಅಲೆಯುವ ಜನ. ಕಥೆ ನೆಟ್ಟಗೆ ಹೋಗುವುದಿಲ್ಲ, ನಮ್ಮ ಊರಿನ ಹಳೆಯ ಕಥೆಗಳ ಹಾಗೆ ಸುತ್ತಿ ಸುತ್ತಿ ಬರುತ್ತದೆ. ಓದಲು ಸಲೀಸಾಗಿಲ್ಲ ಅಂತ ನಾನು ಅದನ್ನು ದೂರುವುದಿಲ್ಲ. ಅವರ ನೆಲ ಹಾಗೆ ಮಾತಾಡುತ್ತದೆ.

ಕ್ಯಾಮರೂನಿನಲ್ಲಿ ಹುಟ್ಟಿದ ಇಂಬೋಲೊ ಎಂಬೂಯೆ ಅವರ ‘ಹೌ ಬ್ಯೂಟಿಫುಲ್ ವಿ ವರ್’ (2021) ಮಾತ್ರ ಒಂದೇ ಉಸಿರಿಗೆ ಓದಿದೆ. ಕೊಸಾವಾ ಅನ್ನುವ ಊರು, ಒಂದು ತೈಲ ಕಂಪನಿ, ವಿಷವಾದ ನೀರು ಕುಡಿದು ಸಾಯುವ ಮಕ್ಕಳು. ಊರೂ ಕಂಪನಿಯೂ ಕಲ್ಪನೆಯವು. ಕಥೆಯ ಒಂದು ಭಾಗವನ್ನು ಆ ಊರಿನ ಮಕ್ಕಳೆಲ್ಲ ಸೇರಿ ಹೇಳುತ್ತಾರೆ, ‘ನಾವು’ ಅಂತ. ನಾವು ಹೆದರಿದೆವು, ನಾವು ಬಾಗಿಲ ಹಿಂದೆ ನಿಂತು ನೋಡಿದೆವು, ನಮ್ಮ ಗೆಳೆಯ ಸತ್ತ. ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಯ ಹೆಂಗಸರೂ ಹೀಗೇ ಮಾತಾಡುವುದು. ನಾನು ಅನ್ನುವುದೇ ಅಪರೂಪ. ಒಂದೇ ಗೋಡೆಗೆ ಎರಡು ಮನೆ ಇದ್ದಾಗ ಜ್ವರ ಕೂಡ ‘ನಮಗೆ’ ಬರುತ್ತದೆ.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ಅಮೆರಿಕದ ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ 2020ರಲ್ಲಿ ಬರೆದ ‘ದಿ ಮಿನಿಸ್ಟ್ರಿ ಫಾರ್ ದಿ ಫ್ಯೂಚರ್’ ನಮ್ಮ ಉತ್ತರ ಪ್ರದೇಶದ ಒಂದು ಊರಿನಲ್ಲಿ ಶುರುವಾಗುತ್ತದೆ. ಬಿಸಿಗಾಳಿಗೆ ಊರಿಗೆ ಊರೇ ಸಾಯುತ್ತದೆ. ಆ ಪುಟಗಳನ್ನು ಓದುವಾಗ ನನ್ನ ಅಂಗೈ ಬೆವರಿತ್ತು, ಅಷ್ಟು ಚೆನ್ನಾಗಿ ಬರೆದಿದ್ದಾರೆ. ಆದರೆ ಬದುಕಿ ಉಳಿಯುವುದು ನೆರವಿನ ಕೆಲಸಕ್ಕೆ ಬಂದಿದ್ದ ಒಬ್ಬ ಅಮೆರಿಕದವನು. ಕಥೆ ಅವನ ಹಿಂದೆ ಎದ್ದು ಹೋಗುತ್ತದೆ. ಆ ಊರಿನ ಕೆರೆಯಲ್ಲಿ ಸತ್ತ ಹೆಂಗಸು ಬೆಳಿಗ್ಗೆ ಯಾರಿಗೆ ರೊಟ್ಟಿ ತಟ್ಟಿದ್ದಳು, ಅವಳ ಮಗಳು ಯಾವ ಕ್ಲಾಸು, ಅದು ನನಗೆ ಬೇಕಿತ್ತು. ಲೇಖಕರ ಕಾಳಜಿ ದೊಡ್ಡದು, ಅದರಲ್ಲಿ ಅನುಮಾನ ಇಲ್ಲ. ಆದರೂ ಅಲ್ಲಿ ಷರಾ ಖಾಲಿ ಉಳಿಯಿತು.

ಶಾಲೆಯಲ್ಲಿ ಮಕ್ಕಳಿಗೆ ಇಷ್ಟೆಲ್ಲ ಕಾದಂಬರಿ ಹೇಳಲು ಆಗುವುದಿಲ್ಲ. ಒಂದು ಶನಿವಾರ ಕೀನ್ಯಾದ ವನೂರಿ ಕಹಿಯು 2009ರಲ್ಲಿ ಮಾಡಿದ ‘ಪುಮ್‌ಜಿ’ ಅನ್ನುವ ಕಿರುಚಿತ್ರ ತೋರಿಸಿದೆ. ಇಪ್ಪತ್ತು ನಿಮಿಷ ಚಿಲ್ಲರೆ. ನೀರಿಗಾಗಿ ಯುದ್ಧ ನಡೆದು ಹೊರಗಿನ ನೆಲವೆಲ್ಲ ಸತ್ತಿದೆ, ಜನ ಒಳಗೇ ಮುಚ್ಚಿಕೊಂಡು ತಮ್ಮ ಬೆವರು, ಮೂತ್ರವನ್ನೇ ಶುದ್ಧ ಮಾಡಿ ಕುಡಿಯುತ್ತಾರೆ. ಆಶಾ ಅನ್ನುವವಳಿಗೆ ಯಾರೋ ಒಂದು ಹಿಡಿ ಮಣ್ಣು ಕಳಿಸುತ್ತಾರೆ. ಅದರಲ್ಲಿ ಬೀಜ ಮೊಳೆಯುತ್ತದೆ. ಅವಳು ತಪ್ಪಿಸಿಕೊಂಡು ಹೊರಗೆ ಹೋಗಿ ಮರಳಿನಲ್ಲಿ ಅದನ್ನು ನೆಟ್ಟು, ತನ್ನ ಪಾಲಿನ ಕೊನೆಯ ನೀರು ಅದಕ್ಕೆ ಹಾಕಿ, ತನ್ನ ಮೈಯನ್ನೇ ನೆರಳು ಮಾಡಿ ಮಲಗುತ್ತಾಳೆ. ದೀಪ ಹಾಕಿದಾಗ ಮಕ್ಕಳು ಸದ್ದಿಲ್ಲದೆ ಕೂತಿದ್ದರು. ಅರಸೀಕೆರೆ ಕಡೆಯ ಒಬ್ಬ ಹುಡುಗಿ ಎದ್ದು ಹೇಳಿದಳು, "ಮಿಸ್, ನಮ್ಮಜ್ಜನೂ ಹಾಗೇ ಮಾಡಿದ್ರು. ಬೋರ್ ನಿಂತಾಗ ತೆಂಗಿನ ಸಸಿಗೆ ಬಿಂದಿಗೇಲಿ ಹೊತ್ತು ಹಾಕಿದ್ರು. ಕುಡಿಯೋಕೆ ಇಟ್ಟಿದ್ದ ನೀರು." ಅವಳು ಹೇಳಿದ್ದು ಬರದ ವರ್ಷಗಳ ಮಾತು, 2016, 17. ಅರಸೀಕೆರೆ, ಕಡೂರು ಕಡೆ ರಸ್ತೆಯ ಎರಡೂ ಬದಿ ಸುಳಿ ಒಣಗಿದ ತೆಂಗಿನ ಮರಗಳು ಕಂಬದ ಹಾಗೆ ನಿಂತಿದ್ದವು. ಅದನ್ನು ಬರಿ ಅಂದೆ. ಮೂರು ಪುಟ ಬರೆದು ತಂದಳು. ಸಸಿ ಉಳಿಯಿತಾ ಅಂತ ಅದರಲ್ಲಿ ಇರಲಿಲ್ಲ, ನಾನೂ ಕೇಳಲಿಲ್ಲ.

ಇನ್ನೊಬ್ಬ ಹುಡುಗ ಆಲೂಗಡ್ಡೆ ಬಗ್ಗೆ ಬರೆದ. ಹಾಸನದವರಿಗೆ ಇದು ಹೊಟ್ಟೆ ಉರಿಸುವ ವಿಷಯ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಮೇ ತಿಂಗಳಾದರೆ ಎಪಿಎಂಸಿಯ ಮುಂದೆ ಲಾರಿಗಳ ಸಾಲು, ಜಲಂಧರದಿಂದ ಬಂದ ಬಿತ್ತನೆ ಗೆಡ್ಡೆ. ಮುಂಗಾರಿನ ಮೊದಲ ಹದಕ್ಕೆ ನೆಟ್ಟರೆ ಮೂರು ತಿಂಗಳಿಗೆ ಕೈಗೆ ದುಡ್ಡು. ಆಮೇಲೆ ಅಂಗಮಾರಿ ಬಿತ್ತು. ಮೋಡ ಮುಚ್ಚಿ, ಜಿಟಿಜಿಟಿ ಹಿಡಿದು, ತಂಪು ಹೆಚ್ಚಾದರೆ ಸಾಕು, ಒಂದೇ ವಾರಕ್ಕೆ ಹೊಲ ಸುಟ್ಟ ಹಾಗೆ ಕಪ್ಪಾಗುತ್ತದೆ. 1845ರ ಹೊತ್ತಿಗೆ ಐರ್ಲೆಂಡಿನಲ್ಲಿ ಮಹಾಕ್ಷಾಮ ತಂದದ್ದೂ ಇದೇ ರೋಗ. ಅಲ್ಲಿಯವರು ಆ ಹಸಿವಿನ ಮೇಲೆ ತಲೆಮಾರುಗಟ್ಟಲೆ ಹಾಡು ಕಟ್ಟಿದರು, ಕಥೆ ಕಟ್ಟಿದರು. ನಮ್ಮಲ್ಲಿ ಆಲೂಗಡ್ಡೆ ಬಿಟ್ಟು ಜೋಳಕ್ಕೆ ಹೋದರು, ಶುಂಠಿಗೆ ಹೋದರು, ಸಾಲಕ್ಕೆ ಹೋದರು. ಆ ಹುಡುಗನ ಕಥೆಯಲ್ಲಿ ಅವನ ಅಪ್ಪ ರಾತ್ರಿ ಟಾರ್ಚ್ ಹಿಡಿದು ಎಲೆ ತಿರುಗಿಸಿ ತಿರುಗಿಸಿ ನೋಡುತ್ತಾರೆ, ಹಿಂಬದಿಯಲ್ಲಿ ಬಿಳಿ ಬೂಷ್ಟು ಕಂಡಿತಾ ಅಂತ. ಯಾವ ಪೇಪರಿನಲ್ಲೂ ನಾನು ಆ ಟಾರ್ಚ್ ನೋಡಿರಲಿಲ್ಲ.

ಮೂಡಿಗೆರೆ ಅಂದಮೇಲೆ ತೇಜಸ್ವಿ ಬರಲೇಬೇಕು. 1980ರ ‘ಕರ್ವಾಲೊ’ ನಾನು ಎಷ್ಟು ಸಲ ಓದಿದ್ದೇನೋ. ಕಾಡು, ಕೀಟ, ಹಾರುವ ಓತಿ, ಮನುಷ್ಯ ಎಲ್ಲ ಒಂದೇ ಉಸಿರಿನಲ್ಲಿ ಬರುವ ಅಂಥ ಬರವಣಿಗೆ ನಮ್ಮ ಪುಣ್ಯ. ಅದರಲ್ಲಿ ವಿಜ್ಞಾನಿಗೆ ದಾರಿ ತೋರಿಸುವವನು ಯಾರು? ಜೇನಿನ ಹಿಂದೆ ಅಲೆಯುವ, ಊರಿನ ಲೆಕ್ಕದಲ್ಲಿ ಯಾತಕ್ಕೂ ಬಾರದ ಮಂದಣ್ಣ. ಕಾಡಿನ ತಿಳಿವಳಿಕೆ ಇರುವುದು ಅವನ ಕಣ್ಣಿನಲ್ಲಿ ಅಂತ ತೇಜಸ್ವಿ ಎಂದೋ ಹೇಳಿಬಿಟ್ಟರು. ಕಥೆ ಹೇಳುವವರು ಮಾತ್ರ ಜಮೀನಿನ ಯಜಮಾನರು. ಈಗ ನನಗೆ ಆಸೆ, ಮಂದಣ್ಣನೇ ಪೆನ್ನು ಹಿಡಿಯಬೇಕು. ಅವನ ಹೆಂಡತಿ ಹಿಡಿಯಬೇಕು. ಅಸ್ಸಾಮಿನಿಂದ ಮಕ್ಕಳು ಮರಿ ಕಟ್ಟಿಕೊಂಡು ನಮ್ಮ ತೋಟಗಳಿಗೆ ಬರುವವರು ಇದ್ದಾರಲ್ಲ, ಅಲ್ಲಿಯ ನೆರೆಯನ್ನೂ ಇಲ್ಲಿಯ ಬರೆ (ಗುಡ್ಡದ ಕಡಿದಾದ ಅಂಚು) ಕುಸಿತವನ್ನೂ 2 ಕಣ್ಣಲ್ಲಿ ನೋಡಿದವರು, ಅವರ ಮಕ್ಕಳು ಈಗ ನಮ್ಮ ಶಾಲೆಗಳಲ್ಲಿ ಕನ್ನಡ ಕಲಿಯುತ್ತಿದ್ದಾರೆ. ಅವರು ಬರೆಯಬೇಕು.

ಹಾಸನದಿಂದ ಬರೆದರೆ ಯಾರು ಓದುತ್ತಾರೆ ಅನ್ನುವ ಮಾತು ಇನ್ನು ನಡೆಯುವುದಿಲ್ಲ. 2025ರಲ್ಲಿ ನಮ್ಮೂರಿನ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂತು, ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ಗೆ. ಅವು ಮಳೆ ಕಥೆಗಳಲ್ಲ, ಮುಸ್ಲಿಂ ಹೆಣ್ಣುಮಕ್ಕಳ ಮನೆಯೊಳಗಿನ ಕಥೆಗಳು. ಆದರೆ ಯಾವ ಮನೆಯ ಮಾತನ್ನು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲವೋ ಆ ಮನೆಯೊಳಗಿನಿಂದಲೇ, ನಮ್ಮ ಮಾತಿನ ಧಾಟಿಯಲ್ಲೇ ಬಂದ ಕಥೆ ಲಂಡನ್ನಿನ ತನಕ ಹೋಯಿತು. ಸುದ್ದಿ ಬಂದ ರಾತ್ರಿ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದರು. ನಾನು ಅತ್ತುಬಿಟ್ಟೆ.

ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದದ್ದನ್ನು ಅಂಬಿಕಾಸುತನ್ ಮಾಙಾಡ್ ಮಲಯಾಳದಲ್ಲಿ ‘ಎನ್ಮಕಜೆ’ ಅಂತ 2009ರಲ್ಲೇ ಕಾದಂಬರಿ ಮಾಡಿದರು. ಎನ್ಮಕಜೆ ನಮ್ಮ ಗಡಿಯ ಪಕ್ಕದ ಊರು, ಅಲ್ಲಿ ತುಳು, ಕನ್ನಡ ಆಡುವವರೂ ಇದ್ದಾರೆ. ಅಷ್ಟು ಹತ್ತಿರ.

ಇದನ್ನೆಲ್ಲ ಅಪ್ಪನ ಮುಂದೆ ಹೇಳುತ್ತಾ ಒಂದು ದಿನ 2019ರ ಮಳೆ ಪುಸ್ತಕ ತೆಗೆದೆ. ಆಗಸ್ಟ್ ತಿಂಗಳು, ಆಶ್ಲೇಷ ಮಳೆ. ಆ ವಾರ ಮೂಡಿಗೆರೆ ತಾಲ್ಲೂಕಿನಲ್ಲಿ ಎಷ್ಟು ಕಡೆ ಗುಡ್ಡ ಜರಿಯಿತು ಅಂತ ನೆನೆದರೆ ಈಗಲೂ ಮೈ ನಡುಗುತ್ತದೆ. ಒಂದು ತಾರೀಕಿನ ಎದುರು ಸರಿಯಾಗಿ 10 ಇಂಚು ಅಂತ ಇತ್ತು. ಅಪ್ಪ ಸೆಂಟು ಬಿಡುವವರೇ ಅಲ್ಲ. ಅದೊಂದು ದಿನ ಮಾತ್ರ ದುಂಡಗಿನ ಸಂಖ್ಯೆ.

"ಇದೇನಪ್ಪ, ಇದರಲ್ಲಿ ಸೆಂಟು ಇಲ್ಲ?"

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಗೇಜು ತುಂಬಿ ಹೊರಗೆ ಹರಿದಿತ್ತು ಕಣಮ್ಮ. ಅದು ಹಿಡಿಯೋದೇ ಅಷ್ಟು. ಎಷ್ಟು ಬಂತೋ ಆ ದೇವರಿಗೇ ಗೊತ್ತು."

ಏಳು ವರ್ಷದ ಹತ್ತಿರ ಆ ಸಂಖ್ಯೆಯನ್ನು ನಿಜ ಅಂದುಕೊಂಡಿದ್ದೆ ನಾನು. ಆ ರಾತ್ರಿ ಲೈನಿನ ಹಿಂದಿನ ಬರೆ ಕುಸಿದು ಕೊನೆಯ ಎರಡು ಮನೆ ಹೋದವು ಅಂತ ಗೊತ್ತಿತ್ತು. ಜನ ಉಳಿದಿದ್ದರು. ಹೇಗೆ ಉಳಿದರು ಅಂತ ಒಂದು ದಿನವೂ ಕೂತು ಕೇಳಿರಲಿಲ್ಲ. ಮಾರನೇ ಭಾನುವಾರ ಬೇಲೂರಿನ ಮೇಲೆ ಬಸ್ಸು ಹತ್ತಿ ಹೋದೆ. ಆ ಮನೆಯಲ್ಲಿದ್ದ ಅಕ್ಕ ಈಗ ಪೇಟೆಯ ಹತ್ತಿರ ಮಗಳ ಮನೆಯಲ್ಲಿದ್ದಾರೆ. ನಾನು ಹೆಗಲಷ್ಟೆತ್ತರ ಇದ್ದಾಗಿನಿಂದ ನನ್ನನ್ನು ಬಲ್ಲವರು. "ಬಾ ಮಗಾ, ರೈಟ್ರು ಚೆನ್ನಾಗಿದಾರಾ?" ಅಂತ ಚಾಪೆ ಹಾಸಿದರು. ಆ ರಾತ್ರಿಯ ಕಥೆ ಹೇಳಕ್ಕ, ಬರೆದುಕೊಳ್ಳುತ್ತೇನೆ ಅಂದೆ.

"ಅದನ್ನ ಏನು ಬರೀತೀಯ" ಅಂದರು ಮೊದಲು. ಆಮೇಲೆ ಶುರು ಮಾಡಿದರು. ಮಳೆಯಿಂದ ಶುರು ಮಾಡಲಿಲ್ಲ, ಆಡಿನಿಂದ. ಸಂಜೆಯಿಂದ ಆಡು ಒಳಗೆ ನಿಲ್ಲಲಿಲ್ಲವಂತೆ, ಹಗ್ಗ ಜಗ್ಗಿ ಜಗ್ಗಿ ಕೂಗಿತಂತೆ. ಬೈದರಂತೆ ಅದಕ್ಕೆ. ರಾತ್ರಿ ಗೋಡೆಯಲ್ಲಿ ನೀರು ಒಸರುವುದು ನೋಡಿದ ಮೇಲೆ ಮಕ್ಕಳನ್ನು ಎಬ್ಬಿಸಿದ್ದು, ಪಕ್ಕದ ಮನೆಯ ಬಾಗಿಲು ಬಡಿದದ್ದು, ಕಂಬಳಿ ಹೊದ್ದು ಪಲ್ಪರ್ ಮನೆಯ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕಟ್ಟಡದ) ಕಡೆ ಏರಿದ್ದು. ಆಡನ್ನು ಬಿಚ್ಚಲು ವಾಪಸು ಹೊರಟಾಗ ಗಂಡ ರಟ್ಟೆ ಹಿಡಿದು ನಿಲ್ಲಿಸಿದ್ದು. ಅಷ್ಟು ಹೇಳುವ ಹೊತ್ತಿಗೆ ಕತ್ತಲಾಯಿತು, ನನ್ನ ಕೊನೆಯ ಬಸ್ಸಿನ ಹೊತ್ತು.

ಎದ್ದು ನಿಂತಾಗ ಕೇಳಿದೆ, ಅಕ್ಕ, ನಿಮ್ಮ ಹೆಸರು ಹಾಕಲಾ?

"ನಂದು ಬೇಡ. ಆಡಿಂದು ಹಾಕು. ಗೌರಿ ಅಂತ."

ಮನೆಗೆ ಬಂದು ಆ ತಾರೀಕಿನ ಎದುರು ಷರಾ ಕಾಲಮ್ಮಿನಲ್ಲಿ ಪೆನ್ಸಿಲಿನಲ್ಲಿ ಬರೆಯಲು ಕೂತೆ. ಒಂದೂವರೆ ಇಂಚಿನ ಕಾಲಂ, ಗೌರಿ ಹಗ್ಗ ಜಗ್ಗುವಷ್ಟರಲ್ಲೇ ತುಂಬಿಹೋಯಿತು. ಅಪ್ಪ ಎದ್ದು ಹೋಗಿ ಗೋಂದಿನ ಸೀಸೆಯನ್ನೂ ಗೆರೆ ಹಾಕಿದ ಹಾಳೆಗಳನ್ನೂ ತಂದಿಟ್ಟರು. ಅಂಟಿಸುತ್ತಾ ಹೋಗಿ ಈಗ ಏಳು ಹಾಳೆಯಾಗಿದೆ. ಅಕ್ಕ ಇನ್ನೂ ಪಲ್ಪರ್ ಮನೆಯ ಬಾಗಿಲಲ್ಲೇ ನಿಂತಿದ್ದಾರೆ, ಬೆಳಗಾಗಿಲ್ಲ. ಮುಂದಿನ ಭಾನುವಾರ ಮತ್ತೆ ಹೋಗುತ್ತೇನೆ, ಈ ಸಲ ಬೆಳಿಗ್ಗೆ ಬಸ್ಸಿಗೆ.